ಪರಿಹಾರ ಪಹಣಿಗೆ, ನಷ್ಟ ನಮಗೆ

2020ರ ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿತ್ತು. ನಮ್ಮ ಕೋಲಾರದ ಸೀಮೆಯಲ್ಲಿ ಗಿಡದ ತುಂಬ ಟೊಮೆಟೊ. ಸಂತೆ ನಿಂತಿತ್ತು, ಕೊಳ್ಳೋರಿಲ್ಲ. ಕಿತ್ತರೆ ಕೂಲಿ ಮೈಮೇಲೆ, ಬಿಟ್ಟರೆ ಸಾಲ ಮೈಮೇಲೆ. ಗೌಡರ ನೆಲ ಗುತ್ತಿಗೆಗೆ ಹಿಡಿದು, ಕಡ್ಡಿ ನೆಟ್ಟು, ದಾರ ಕಟ್ಟಿ, ಔಷಧಿ ಹೊಡೆದವರು ನಾವು. ಕೊನೆಗೆ ಆ ಹೊಲಕ್ಕೆ ದನ ಬಿಟ್ಟವರೂ ನಾವೇ.

ಸರ್ಕಾರ ರೈತರ ಕೈಬಿಡಲಿಲ್ಲ ಅಂತ ಪೇಪರಿನಲ್ಲಿ ಬಂತು. 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹಣ್ಣು ತರಕಾರಿ ಬೆಳೆದವರಿಗೆ ಹೆಕ್ಟೇರಿಗೆ 15,000 ರೂಪಾಯಿ ಘೋಷಿಸಿತು. ಒಂದೇ ಹೆಕ್ಟೇರಿಗೆ ಮಿತಿ. ಮನೆಗೆ ಮೊದಲು ಡಿಗ್ರಿ ಓದಿದವರು ನಾವು, ಲೆಕ್ಕ ಹಾಕಿ ತೋರಿಸ್ತೀವಿ ನೋಡಿ. ಹೆಕ್ಟೇರು ಅಂದರೆ ಹತ್ತಿರ ಹತ್ತಿರ 100 ಗುಂಟೆ. ಗುಂಟೆಗೆ ಸುಮಾರು 150 ರೂಪಾಯಿ! 2021ರ ಎರಡನೇ ಅಲೆಯಲ್ಲಿ ಅದೂ ಇಳಿದು ಹೆಕ್ಟೇರಿಗೆ 10,000. ಗುಂಟೆಗೆ 100.

ಹೋಗಲಿ, ಅಷ್ಟಾದರೂ ನಮ್ಮ ಕೈಗೆ ಬಂತೆ? "ಪಹಣಿ ತಗೊಂಬಾ" ಅಂದರು ಕಚೇರಿಯಲ್ಲಿ.

"ಸ್ವಾಮಿ, ನೆಲ ಗುತ್ತಿಗೇದು, ಬೆಳೆ ನಮ್ದು" ಅಂದರು ನಮ್ಮಪ್ಪಂದಿರು.

"ಹಂಗಾದ್ರೆ ಪಹಣೀಲಿ ಹೆಸರಿರೋರಿಗೆ ಹೋಗುತ್ತೆ, ನಡಿಯಯ್ಯ."

ಹೋಯಿತು. ಗೌಡರು ಗುತ್ತಿಗೆ ಹಣವನ್ನೂ ಬಿಡಲಿಲ್ಲ, ಪರಿಹಾರವನ್ನೂ ಬಿಡಲಿಲ್ಲ. ಹಣ್ಣು ಕೀಳುವ ನಮ್ಮವ್ವಂದಿರ ಕೂಲಿಯಂತೂ ಹೆಕ್ಟೇರಿನ ಆ ಲೆಕ್ಕದಲ್ಲಿ ಇರಲೇ ಇಲ್ಲ.

ಇದು ಒಬ್ಬ ಗುಮಾಸ್ತನ ತಪ್ಪಲ್ಲ. ಉಳುವವನೇ ಹೊಲದೊಡೆಯ ಎಂದು ಸಾರಿದ 1974ರ ಭೂಸುಧಾರಣೆ, ಕೆಲವು ವಿನಾಯಿತಿ ಬಿಟ್ಟು, ಗೇಣಿಯನ್ನೇ ನಿಷೇಧಿಸಿತು. ಅದರಿಂದ ಭೂಮಿ ಸಿಕ್ಕಿದ್ದು ಗೇಣಿ ಒಕ್ಕಲುಗಳಿಗೆ. ಗೇಣಿಯೂ ಸಿಗದೆ ಜೀತ ಮಾಡಿದ ನಮ್ಮ ತಾತಂದಿರಿಗೆ ಸಿಕ್ಕಿದ್ದು ಘೋಷಣೆ ಮಾತ್ರ. ಇವತ್ತು ನಾವು ಬಾಯಿಮಾತಿನ ಗುತ್ತಿಗೆಯಲ್ಲಿ ಬೆಳೆಯುತ್ತೇವೆ. ಕಾನೂನಿನಲ್ಲಿ ಗೇಣಿ ಇಲ್ಲ, ಆದ್ದರಿಂದ ಕಾಗದದಲ್ಲಿ ನಾವೂ ಇಲ್ಲ. ಬೆಳೆದವನೇ ಇಲ್ಲ ಅಂದಮೇಲೆ ನಷ್ಟ ಯಾರದು ಸ್ವಾಮಿ?

ಮಳೆ, ಆಲಿಕಲ್ಲಿಗೂ ಇದೇ ಕತೆ. ವಿಪತ್ತು ನಿಧಿಯ ನಿಯಮದಂತೆ ನೂರಕ್ಕೆ 33 ಭಾಗ ಬೆಳೆ ಹಾಳಾದರೆ ಪರಿಹಾರ ಉಂಟು. ನಮಗೆ ನೂರಕ್ಕೆ ನೂರು ಹಾಳಾದರೂ ಸೊನ್ನೆ.

ಗಡಿಯಾಚೆಯ ಆಂಧ್ರ 2019ರಲ್ಲಿ ಗುತ್ತಿಗೆ ರೈತನಿಗೆ 11 ತಿಂಗಳ ಗುರುತಿನ ಚೀಟಿ ಕೊಡುವ ಕಾಯ್ದೆ ಮಾಡಿತು. ಆದರೆ ಅದಕ್ಕೂ ಮಾಲೀಕನ ಸಹಿ ಬೇಕಿತ್ತು. ಸಹಿ ಹಾಕಿದರೆ ನೆಲ ಹೋದೀತು ಅಂತ ಹೆದರುವ ಮಾಲೀಕ ಯಾಕೆ ಹಾಕ್ತಾನೆ?

ನಾವು ದಾನ ಕೇಳ್ತಾ ಇಲ್ಲ. ಬೆಳೆ ಸಮೀಕ್ಷೆಗೆ ಬರುವವರು ಹೊಲದಲ್ಲಿ ನಿಂತು, ಬೆಳೆದವರು ಯಾರು ಅಂತ ಕೇಳಿ ಬರೆದುಕೊಳ್ಳಲಿ. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ, ಕೇರಿಯವರ ಎದುರಿಗೆ, ಗಟ್ಟಿಯಾಗಿ ಓದಲಿ. ಮಾಲೀಕನ ಸಹಿ ಇಲ್ಲದೆಯೇ ಹಣ ಬೆಳೆದವರ ಖಾತೆಗೆ ಬೀಳಲಿ.

ನಾವು ಮುಟ್ಟಿ ಕಿತ್ತ ಹಣ್ಣು ಊರಿನ ಸಾರಿಗೆ ಆಗುತ್ತೆ. ನಮ್ಮ ಹೆಸರು ಮಾತ್ರ ಸರ್ಕಾರದ ಕಾಗದಕ್ಕೆ ಮೈಲಿಗೆಯೇ?