ಚೌಕಟ್ಟು ತಪ್ಪಿದರೆ ದರ್ಜೆಯೂ ತಪ್ಪೀತು

ಅಡಿಕೆಯ ದರ್ಜೆಯನ್ನು ಕ್ಯಾಮೆರಾದಿಂದ ನೋಡಿ ಹೇಳುವ ಯಂತ್ರಗಳ ಮಾತು ಈಗ ನಮ್ಮ ತೋಟಗಳವರೆಗೂ ಬಂದಿದೆ. ಆದರೆ ಯಂತ್ರ ತಾನಾಗಿ ಕಲಿಯುವುದಿಲ್ಲ. ಹರಡಿದ ಅಡಿಕೆಯ ಚಿತ್ರ ತೆಗೆದು, ಒಂದೊಂದರ ಸುತ್ತಲೂ ಚೌಕಟ್ಟು ಎಳೆದು, ಇದು ಸರಕು, ಇದು ಬೆಟ್ಟೆ, ಇದು ರಾಶಿ, ಇದು ಗೊರಬಲು ಎಂದು ಗುರುತಿಸಿಕೊಡಬೇಕು. ಅದಕ್ಕೆ ಬೇಕಾದ ಕಣ್ಣು ಬೆಳೆಗಾರನದು. ಆದುದರಿಂದ ಆ ಗುರುತು ಮುಂದೆ ಏನಾಗುತ್ತದೆಂದು ಕೇಳುವ ಹಕ್ಕೂ ನಮ್ಮದೇ.

ಗುರುತನ್ನು ಬರೆದಿಡುವ ಕ್ರಮಗಳು ಹಲವು. 1000 ಪಿಕ್ಸೆಲ್ ಚುಕ್ಕೆ ಅಗಲ, 800 ಚುಕ್ಕೆ ಎತ್ತರದ ಚಿತ್ರದಲ್ಲಿ ಒಂದು ಅಡಿಕೆ ಎಡದಿಂದ 200–600, ಮೇಲಿನಿಂದ 100–500ರ ನಡುವೆ ಇದೆಯೆನ್ನೋಣ. ಪ್ಯಾಸ್ಕಲ್ ವಿಒಸಿ ಕ್ರಮದಲ್ಲಿ ಎದುರುಬದುರಿನ ಎರಡು ಮೂಲೆಗಳನ್ನು ಬರೆಯುತ್ತಾರೆ: 200, 100, 600, 500. 2014ರಲ್ಲಿ ಬಂದ ಕೋಕೋ ಕ್ರಮದಲ್ಲಿ (ಇದು ನಮ್ಮ ತೋಟದ ಕೋಕೋ ಅಲ್ಲ) ಒಂದು ಮೂಲೆ, ಅಗಲ, ಎತ್ತರ: 200, 100, 400, 400. ಯೋಲೋ ಕ್ರಮದಲ್ಲಿ ನಡುಬಿಂದು, ಅಗಲ, ಎತ್ತರಗಳನ್ನು ಇಡೀ ಚಿತ್ರದ ಪಾಲಾಗಿ ಬರೆಯುತ್ತಾರೆ: 0.4, 0.375, 0.4, 0.5. ಅಡಿಕೆ ಒಂದೇ, ಲೆಕ್ಕ ಮೂರು; ಒಂದೇ ತೋಟವನ್ನು ಗುಂಟೆಯಲ್ಲೂ ಎಕರೆಯಲ್ಲೂ ಹೇಳಿದಂತೆ.

ಒಂದರಿಂದ ಇನ್ನೊಂದಕ್ಕೆ ತಿರುಗಿಸುವುದು ಕಷ್ಟದ ಗಣಿತವಲ್ಲ. ಆದರೆ ಕೋಕೋ ಲೆಕ್ಕವನ್ನು ವಿಒಸಿ ಎಂದು ಓದಿದರೆ ಚೌಕಟ್ಟು ಅರ್ಧಕ್ಕಿಂತ ಚಿಕ್ಕದಾಗಿ, ಅಡಿಕೆಯ ಬಹುಭಾಗ ಹೊರಗುಳಿಯುತ್ತದೆ. ದರ್ಜೆಯ ಸಂಖ್ಯೆ ತಪ್ಪುವುದು ಇದಕ್ಕಿಂತ ಕೆಟ್ಟದ್ದು. ಯೋಲೋ ಎಣಿಕೆ ಸೊನ್ನೆಯಿಂದ. ಕೋಕೋ ಕಡತಗಳಲ್ಲಿ ಸಾಮಾನ್ಯವಾಗಿ ಒಂದರಿಂದ. ಮೇಲಿನ ಪಟ್ಟಿಯಲ್ಲಿ ಮೂರನೆಯದಾದ ರಾಶಿಯ 3ನ್ನು ಹಾಗೆಯೇ ಬಿಟ್ಟರೆ, ಸೊನ್ನೆಯಿಂದ ಎಣಿಸುವ ಯಂತ್ರಕ್ಕೆ ಅದು ಗೊರಬಲು! ಅನೇಕ ವೇಳೆ ಯಂತ್ರ ತಕರಾರನ್ನೂ ತೆಗೆಯುವುದಿಲ್ಲ. ತಪ್ಪನ್ನೇ ಶ್ರದ್ಧೆಯಿಂದ ಕಲಿಯುತ್ತದೆ. ನಷ್ಟ ಕಾಣುವುದು ಮಂಡಿಯಲ್ಲಿ, ಬೆಳೆಗಾರನ ಪಟ್ಟಿಯಲ್ಲಿ.

ಆದುದರಿಂದ ದಾವಣಗೆರೆ, ಹರಿಹರ ಸುತ್ತಿನ ಬೆಳೆಗಾರರಿಂದ ಚಿತ್ರವನ್ನೂ ಗುರುತನ್ನೂ ಪಡೆಯುವವರು ಯಾರೇ ಆಗಲಿ, ಮೂರು ಮಾತಿಗೆ ಒಪ್ಪಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಮೊದಲು ಗುರುತಿಸಿದ ಕಡತದ ಪ್ರತಿ ಸಂಘದಲ್ಲಿ ಉಳಿಯಲಿ. ದರ್ಜೆಗಳ ಹೆಸರು ಮತ್ತು ಸಂಖ್ಯೆಯ ಪಟ್ಟಿ ಅದರ ಜೊತೆಗಿರಲಿ. ತಿರುಗಿಸಿದ ಮೇಲೆ ಕೆಲವು ಚಿತ್ರಗಳ ಮೇಲೆ ಚೌಕಟ್ಟುಗಳನ್ನು ಮತ್ತೆ ಮೂಡಿಸಿ, ಗುರುತಿಸಿದ ಬೆಳೆಗಾರರಿಗೇ ತೋರಿಸಲಿ. ದಾವಣಗೆರೆಯಲ್ಲಿ 1951ರಿಂದ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು, 1979ರಿಂದ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಇವೆ. ಈ ಪರಿಶೀಲನೆಗೆ ಅಲ್ಲಿಯವರ ನೆರವು ಕೇಳಬಹುದು. ಕಾಫಿ ಬೀಜದ ಪಿ.ಬಿ., ಎ, ಬಿ, ಸಿ ದರ್ಜೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ತಕ್ಕಡಿ ನೋಡದೆ ಮಾಲು ತೂಗಿಸುವವರು ನಾವಲ್ಲ. ಯಂತ್ರದ ಲೆಕ್ಕವನ್ನೂ ಹಾಗೆಯೇ ನೋಡಿ ಒಪ್ಪೋಣ.