ಹದವನರಿಯುವ ವಿದ್ಯೆ

ಬಸವಾದಿ ಶಿವಶರಣರ ಬಳಗದಲ್ಲಿ ಒಕ್ಕಲುತನವನ್ನೇ ಕಾಯಕವಾಗಿ ಕೈಕೊಂಡ ಶರಣನೆಂದರೆ ಒಕ್ಕಲಿಗ ಮುದ್ದಣ್ಣ. ‘ಕಾಮಭೀಮ ಜೀವಧನದೊಡೆಯ’ ಎಂಬುದು ಅವನ ವಚನಗಳ ಅಂಕಿತ. ಬೇಸಾಯದ ಪರಿಭಾಷೆಯಲ್ಲಿಯೇ ಅವನು ತನ್ನ ಶಿವಾನುಭವವನ್ನು ಹೇಳಿಕೊಂಡನು. ಮಣ್ಣು ಮುಟ್ಟದವನಿಗೆ ಆ ಪರಿಭಾಷೆ ಒದಗುವಂಥದಲ್ಲ. ಇಂದಿನ ಕೃಷಿ ಪದವೀಧರನಿಗೆ ಅದು ಎಷ್ಟು ಒದಗೀತೆಂಬುದು ಮಠದ ಸದ್ಭಕ್ತರೂ ಆಲೋಚಿಸಬೇಕಾದ ಸಂಗತಿಯಾಗಿದೆ. ಏಕೆಂದರೆ ಅವರ ಮಕ್ಕಳೇ ಈ ವಿದ್ಯೆಯನ್ನು ಕಲಿಯುತ್ತಿದ್ದಾರೆ.

ನಾಡಿನಲ್ಲಿ ಕೃಷಿ ವಿದ್ಯೆಗೆ ಕೊರತೆಯೇನೂ ಇಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ, ಧಾರವಾಡದ್ದು 1986ರಲ್ಲಿ ಆರಂಭವಾದವು. ಬಾಗಲಕೋಟೆ, ರಾಯಚೂರುಗಳಲ್ಲಿ ಆಮೇಲೆ ಹುಟ್ಟಿದವು. ರೈತರ ಮಕ್ಕಳಿಗೆ ಕೃಷಿಕ ಕೋಟಾ ಉಂಟು. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಹೀಗೆ ಕೈಯ ಅರಿವನ್ನು ಪರೀಕ್ಷಿಸಿಯೇ ಒಳಗೆ ಕರೆದುಕೊಂಡ ವಿದ್ಯಾರ್ಥಿಯು ನಾಲ್ಕು ವರ್ಷಗಳ ತರುವಾಯ ಬ್ಯಾಂಕಿನ ಕೃಷಿ ಅಧಿಕಾರಿಯ ಹುದ್ದೆಗೆ ಪುಸ್ತಕ ಹಿಡಿದು ಕೂರುವುದು ಸಾಮಾನ್ಯ ನೋಟ. ಅದೂ ಕಾಯಕವೇ, ಹಳಿಯತಕ್ಕುದಲ್ಲ. ಆದರೆ ಹೊಲವನ್ನು ಬಿಟ್ಟು ಹೋಗಲೆಂದೇ ಕೃಷಿಯನ್ನು ಓದುವುದಾದರೆ ಆ ಓದಿನಲ್ಲಿ ಏನೋ ತಪ್ಪಿದೆ ಎನ್ನಬೇಕಾಗುತ್ತದೆ.

ತಪ್ಪಿರುವುದು ‘ಹದ’. ವಿಜಯಪುರ ಸೀಮೆಯ ಎರೆಭೂಮಿಯಲ್ಲಿ ಹಿಂಗಾರಿ ಜೋಳವನ್ನು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತುತ್ತಾರೆ. ಬಿತ್ತಿದ ಮೇಲೆ ಬಹುಮಟ್ಟಿಗೆ ಮಣ್ಣಿನೊಡಲಿನ ತೇವವೇ ಬೆಳೆಗೆ ಆಸರೆ. ಎಂ 35-1 ಎಂಬ ಮಾಲದಂಡಿ ಜೋಳವು ಅಲ್ಲಿ ಹೆಸರಾದದ್ದು ಈ ಗುಣದಿಂದಲೇ. ಮಣ್ಣು ಹಸಿಯಾಗಿದ್ದರೆ ಕೂರಿಗೆ ಕಟ್ಟಿಕೊಳ್ಳುತ್ತದೆ, ಒಣಗಿದ್ದರೆ ಬೀಜ ಮೇಲೇಳದು. ನಡುವಿನ ಆ ಕೆಲವೇ ದಿನಗಳನ್ನು ಹಿರಿಯ ಒಕ್ಕಲಿಗನು ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಅದುಮಿ ಅರಿಯುತ್ತಾನೆ. ತೇವಾಂಶದ ಪ್ರಮಾಣವನ್ನು ಪುಸ್ತಕ ಹೇಳೀತು. ನಾಳೆ ಬಿತ್ತಬೇಕೋ ನಾಡಿದ್ದೋ ಎಂಬ ನಿರ್ಧಾರದ ಭಾರವನ್ನು ಅದು ಹೊರಲಾರದು. ಆ ಭಾರವನ್ನು ಒಮ್ಮೆಯೂ ಹೊರದೆ ಪದವಿ ಪಡೆಯಬಹುದೆಂಬುದೇ ಇಂದಿನ ಶಿಕ್ಷಣದ ದೊಡ್ಡ ಕೊರತೆ.

ಇದನ್ನು ಬಲ್ಲವರು ಅರಿಯದೆ ಇಲ್ಲ. ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳುಹಿಸುವ ಗ್ರಾಮೀಣ ಕೃಷಿ ಕಾರ್ಯಾನುಭವವು ಹಳೆಯ ಪದ್ಧತಿ. 2015ರಲ್ಲಿ ಅದನ್ನು ‘ಸ್ಟೂಡೆಂಟ್ ರೆಡಿ’ ಯೋಜನೆಯಲ್ಲಿ ಅಳವಡಿಸಲಾಯಿತು. ಮಕ್ಕಳು ರಂಗೋಲಿಯಲ್ಲಿ ಊರಿನ ನಕ್ಷೆ ಬರೆಯುತ್ತಾರೆ, ಬೀಜೋಪಚಾರ ತೋರಿಸುತ್ತಾರೆ. ಒಳ್ಳೆಯದೇ. ಆದರೆ ಸೆಮಿಸ್ಟರು ಡಿಸೆಂಬರಿಗೆ ಮುಗಿದರೆ ಜೋಳವು ಕೊಯ್ಲಿಗೆ ಬರುವುದು ಜನವರಿ, ಫೆಬ್ರವರಿಗೆ. ರಾಶಿಯನ್ನೂ ಕಾಣದೆ, ಮಾರುಕಟ್ಟೆಯಲ್ಲಿ ದರ ಕುಸಿದ ದಿನ ಮನೆಯ ಮೌನವನ್ನೂ ಕಾಣದೆ ವಿದ್ಯಾರ್ಥಿಯು ಹಾಸ್ಟೆಲಿಗೆ ಮರಳುತ್ತಾನೆ. ಪಂಚಾಂಗವು ಬೆಳೆಯದಾಗಿರಬೇಕು, ಪರೀಕ್ಷೆಯದಲ್ಲ. ಮಾಗಿ ಉಳುಮೆಯಿಂದ ಮಾರಾಟದವರೆಗೆ ಒಂದು ಎಕರೆಯ ಹೊಣೆ ಅವನದಾಗಲಿ. ನಷ್ಟವಾದರೆ ಅದರ ಲೆಕ್ಕವನ್ನೂ ಅವನೇ ಬರೆಯಲಿ.

ಬೆಳೆದ ಕಾಳು ಎತ್ತ ಹೋಗುತ್ತದೆಂಬುದು ಇನ್ನೊಂದು ಪಾಠ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕೆ ಮೀರಿ ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಒಪ್ಪಲಿಲ್ಲ, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬರಲು ಕಳುಹಿಸಿದಳು. ಇದನ್ನು ನಿಃಸ್ಪೃಹತೆಯ ಕಥೆಯೆಂದಷ್ಟೇ ಓದುವುದು ರೂಢಿ. ಆದರೆ ದಿನದ ದಾಸೋಹಕ್ಕೆ ಎಷ್ಟು ಬೇಕು ಎಂಬ ಅಳತೆ ಲಕ್ಕಮ್ಮನಿಗೆ ಖಚಿತವಾಗಿ ಗೊತ್ತಿತ್ತು. ಇಂದು ‘ಆಹಾರ ವ್ಯವಸ್ಥೆ’ ಎಂಬ ಹೆಸರಿನಲ್ಲಿ ಬೋಧಿಸುವ ದಾಸ್ತಾನು, ಸಾಗಣೆ, ಪೋಲು ತಡೆಯುವಿಕೆಗಳ ಮೂಲವೂ ಆ ಅಳತೆಯಲ್ಲವೇ?

ಅದನ್ನು ಕಲಿಯಲು ದಾಸೋಹ ಮನೆಗಿಂತ ಮಿಗಿಲಾದ ಶಾಲೆ ದುರ್ಲಭ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ದಿನವೂ ಉಣ್ಣುತ್ತಾರೆ. ಸುತ್ತೂರಿನಲ್ಲಿ ಮಠದ ವಿದ್ಯಾಪೀಠವೇ ಕೃಷಿ ವಿಜ್ಞಾನ ಕೇಂದ್ರವನ್ನು ನಡೆಸುತ್ತಿದೆ. ಯಾವ ತಿಂಗಳಿಗೆ ಎಷ್ಟು ಕ್ವಿಂಟಾಲ್ ಜೋಳ, ಎಷ್ಟು ರಾಗಿ, ಎಷ್ಟು ಬೇಳೆ ಬೇಕೆಂಬ ಲೆಕ್ಕ ಇಂಥ ಅಡುಗೆಮನೆಗಳಲ್ಲಿದೆ. ಬೆಳೆಯಲಿರುವ ಯುವಕನಿಗೆ ಬೇಕಾದದ್ದೂ ಅದೇ.

ಭಕ್ತರ ಪಾಲೂ ಇದೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಸೀಮೆಯ ಅವಿವಾಹಿತ ರೈತ ಯುವಕರು ಕನ್ಯೆ ಸಿಗದೆ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರು. ಕೆಲವರು ನಕ್ಕರು. ಕಾಯಕವೇ ಕೈಲಾಸವೆಂದು ಹಾಡುವ ಮನೆಗಳಲ್ಲಿಯೂ ವರನಿಗೆ ಎಷ್ಟು ಎಕರೆಯೆಂದು ಕೇಳಿ, ಅದನ್ನು ಅವನೇ ಉಳುತ್ತಾನೆಂದರೆ ಹಿಂದೆ ಸರಿಯುವ ವಾಡಿಕೆ ಇದೆ. ಪಠ್ಯಕ್ರಮವನ್ನು ತಿದ್ದಿದ ಮಾತ್ರಕ್ಕೆ ಇದು ನೀಗದು.

ಮಠಗಳು ಮಾಡಬಹುದಾದ ಒಂದು ಕೆಲಸವಂತೂ ಕೈಯಳತೆಯಲ್ಲಿದೆ. ಹಿಂಗಾರಿಯ ಬಿತ್ತನೆಗೆ ಮೊದಲೇ, ಶ್ರಾವಣದ ಪ್ರವಚನಗಳು ನಡೆಯುವ ಹೊತ್ತಿಗೆ, ದಾಸೋಹಕ್ಕೆ ಇಂತಿಷ್ಟು ಜೋಳವನ್ನು ಇಂಥ ದರಕ್ಕೆ ಕೊಳ್ಳುತ್ತೇವೆಂದು ಬರೆದುಕೊಡಬೇಕು. ಪದವಿ ಮುಗಿಸಿದ ಮಗನು ಅಪ್ಪನೆದುರು ನಿಂತು, ಎರಡು ಎಕರೆ ತನಗೆ ಬಿಟ್ಟುಕೊಡೆಂದು ಕೇಳುವಾಗ ಆ ಕಾಗದ ಅವನ ಕೈಯಲ್ಲಿರಲಿ.