ಮೂಳೆಯಿಂದಲೂ ಕೇಳಿಸುತ್ತದೆ, ಆದರೆ ಮೊದಲು ಪರೀಕ್ಷೆ

ನಾನು ಹೃದಯದ ಡಾಕ್ಟರ್. ಇವತ್ತು ಕಿವಿಯ ಬಗ್ಗೆ ಬರೆಯಲು ಕಾರಣವಿದೆ.

ಊರಿನಿಂದ ನೋಯ್ಡಾಗೆ ಮಗನ ಮನೆಗೆ ಬಂದಿದ್ದ ಅಜ್ಜಿಯೊಬ್ಬರು ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದರು. ಮನೆಗೆ ಹೋಗಿ, ದಿನಕ್ಕೊಂದು ನುಂಗಬೇಕಾದ ಬಿಪಿ ಮಾತ್ರೆಯನ್ನು ಎರಡು ಹೊತ್ತೂ ನುಂಗಿ, ತಲೆಸುತ್ತಿ ಬಿದ್ದರು. ನನ್ನ ಮಾತು ಅವರಿಗೆ ಕೇಳಿಸಿರಲೇ ಇಲ್ಲ. ಕಿವಿ ಬಹಳ ವರ್ಷಗಳಿಂದ ಸೋರುತ್ತಿತ್ತಂತೆ. ಮಗ ಆನ್‌ಲೈನ್‌ನಲ್ಲಿ 'ಬೋನ್ ಕಂಡಕ್ಷನ್' ಹೆಡ್‌ಫೋನ್ ತರಿಸಿಕೊಟ್ಟಿದ್ದರು. ಉಪಯೋಗವಾಗಲಿಲ್ಲ.

ಎರಡೂ ಕಿವಿಗಳನ್ನು ಬೆರಳಿನಿಂದ ಮುಚ್ಚಿ 'ಮ್ಮ್' ಎನ್ನಿ. ಜೋರಾಗಿ ಕೇಳಿಸುತ್ತದಲ್ಲವೇ? ಅದು ಮೂಳೆಯ ದಾರಿ. ಈ ತತ್ವದ ಶ್ರವಣ ಸಾಧನ ಮಾತನ್ನು ಹಿಡಿದು, ಕಂಪನವಾಗಿಸಿ, ತಲೆಬುರುಡೆಯ ಮೂಲಕ ನೇರ ಒಳಕಿವಿಗೆ ಮುಟ್ಟಿಸುತ್ತದೆ. ತಮಟೆ ತೂತಾಗಿದ್ದರೂ, ಪುಟ್ಟ ಮೂಳೆಗಳು ಹಾಳಾಗಿದ್ದರೂ ತೊಂದರೆಯಿಲ್ಲ. ಅಂಗಡಿಯ ಹೆಡ್‌ಫೋನ್ ಫೋನಿನ ಹಾಡಿಗೆ ಮಾಡಿದ್ದು. ಎದುರಿನವರ ಮಾತನ್ನು ರೋಗಿಗೆ ಬೇಕಾದಷ್ಟು ಹೆಚ್ಚಿಸಿಕೊಡುವುದು ಅದರ ಕೆಲಸವಲ್ಲ.

ಯಾರಿಗೆ ಅನುಕೂಲ?
• ಕಿವಿ ಸೋರುವುದರಿಂದ ಮಾಮೂಲಿ ಸಾಧನ ಹಾಕಲಾಗದವರಿಗೆ
• ಹುಟ್ಟಿನಿಂದ ಕಿವಿಯ ರಂಧ್ರವಿಲ್ಲದ ಮಕ್ಕಳಿಗೆ
• ಒಂದೇ ಕಿವಿ ಪೂರ್ತಿ ಕೇಳಿಸದ ಕೆಲವರಿಗೆ

ವಯಸ್ಸಿನಿಂದ ಒಳಕಿವಿ ಸೋತಿದ್ದರೆ ಸಾಮಾನ್ಯವಾಗಿ ಮಾಮೂಲಿ ಶ್ರವಣ ಸಾಧನವೇ ಸರಿ.

ತಲೆಪಟ್ಟಿಯಲ್ಲಿ ಕಟ್ಟಿಕೊಳ್ಳುವ ಸಾಧನಕ್ಕೆ ಆಪರೇಷನ್ ಬೇಡ. ಚಿಕ್ಕ ಮಕ್ಕಳಿಗೂ ಅದೇ. ಕಿವಿಯ ಹಿಂದಿನ ಮೂಳೆಗೆ ಟೈಟಾನಿಯಂ ತಿರುಪು ಕೂರಿಸುವ ವಿಧಾನ ಸ್ವೀಡನ್ನಿನಲ್ಲಿ 1977ರಲ್ಲಿ ಶುರುವಾಯಿತು. ಇದಕ್ಕೆ ಲಕ್ಷಗಟ್ಟಲೆ ಖರ್ಚು. ಹಾಗಾಗಿ ಮೊದಲು ತಲೆಪಟ್ಟಿಯಲ್ಲಿ ಹಾಕಿ ನೋಡಿ, ಆಮೇಲೆ ನಿರ್ಧರಿಸಿ. ತಲೆಯೊಳಗೆ ಸಾಧನ ಇದ್ದವರು ಎಂಆರ್‌ಐಗೆ ಮುಂಚೆ ತಪ್ಪದೇ ತಿಳಿಸಬೇಕು.

ನನ್ನ ಅಭಿಪ್ರಾಯ ಇಷ್ಟೇ: ಕೊಳ್ಳುವ ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ, ಆಡಿಯೋಗ್ರಾಂ ಮಾಡಿಸಿ. ದೆಹಲಿಯ ಏಮ್ಸ್‌ನಲ್ಲಿ ಈ ಪರೀಕ್ಷೆಯಿದೆ. ಒಂದು ಎಚ್ಚರ: 'ಬೀಪ್' ಪರೀಕ್ಷೆಗೆ ಭಾಷೆ ಬೇಕಿಲ್ಲ, ಆದರೆ ಪದ ಕೇಳಿಸಿ ಹೇಳಿಸುವ ಪರೀಕ್ಷೆಗೆ ಬೇಕು. ಕನ್ನಡ ಮಾತ್ರ ಬಲ್ಲ ಅಜ್ಜಿಗೆ ಹಿಂದಿ ಪದ ಕೇಳಿಸಿದರೆ ಅಂಕ ಕಡಿಮೆ ಬಂದೇ ಬರುತ್ತದೆ. ಊರಿಗೆ ಹೋದಾಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ಮಾಡಿಸಬಹುದು. ಆದರೆ ದಿಢೀರನೆ ಕಿವಿ ಕೇಳಿಸದಾದರೆ ಊರಿನ ದಾರಿ ಕಾಯಬೇಡಿ. ಅದೇ ದಿನ ಡಾಕ್ಟರನ್ನು ನೋಡಿ.

ಇಲ್ಲಿ ಹೊರಗೆಲ್ಲ ಹಿಂದಿ. ನಮ್ಮ ಹಿರಿಯರಿಗೆ ಉಳಿದಿರುವುದು ಮನೆಯ ನಾಲ್ಕು ಕನ್ನಡ ಮಾತು. ಅದೂ ಕೇಳಿಸದಿದ್ದರೆ ತುಂಬಿದ ಮನೆಯಲ್ಲೂ ಅವರು ಒಂಟಿ. ಇವತ್ತು ಅಮ್ಮನ ಬೆನ್ನ ಹಿಂದೆ ನಿಂತು ಮೆಲ್ಲಗೆ ಕರೆದು ನೋಡಿ. ತಿರುಗದಿದ್ದರೆ ಪರೀಕ್ಷೆ ಮಾಡಿಸಿ.